ದೂರದರ್ಶಕವನ್ನು ಕೊಳ್ಳುವ ಮುನ್ನ

ಆಗಮನ ಕಾಲ ಬಂತೆಂದರೆ ನಮ್ಮ ಮನೆಗಳ ಮುಂದೆ ನಕ್ಷತ್ರಗಳು ತೂಗತೊಡಗುತ್ತವೆ. ಬಿದಿರಿನ ಕಡ್ಡಿ, ಬಣ್ಣದ ಕಾಗದ, ಒಳಗೊಂದು ಬಲ್ಬು; ಇಷ್ಟರಿಂದಲೇ ಊರಿನವರು ಇದು ಕ್ರೈಸ್ತರ ಮನೆಯೆಂದು ದೂರದಿಂದ ಗುರುತಿಸುತ್ತಾರೆ. ಅದೇ ಹೊತ್ತಿಗೆ, ಮಳೆ ತೊಳೆದು ಬಿಟ್ಟ ಮಲೆನಾಡಿನ ಆಕಾಶದಲ್ಲಿ ನಿಜವಾದ ನಕ್ಷತ್ರಗಳು ವರ್ಷದಲ್ಲೇ ಅತ್ಯಂತ ನಿಚ್ಚಳವಾಗಿ ಬೆಳಗುತ್ತಿರುತ್ತವೆ. ಪೂರ್ವದಲ್ಲಿ ಕೃತ್ತಿಕೆ, ಅದರ ಹಿಂದೆಯೇ ಮಹಾವ್ಯಾಧ, ಅವನ ಬೆನ್ನಿಗೆ ಲುಬ್ಧಕ. ಕಾಗದದ ನಕ್ಷತ್ರಕ್ಕೆ ತಲೆಯೆತ್ತುವ ನಾವು ಇನ್ನೂ ತುಸು ಮೇಲೆ ನೋಡುವುದು ಅಪರೂಪ.

ಆದರೆ ಮಕ್ಕಳು ನೋಡುತ್ತಾರೆ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಚಂದ್ರನ ನೆಲವನ್ನು ಮುಟ್ಟಿದ ಮೇಲಂತೂ ಅವರ ಪ್ರಶ್ನೆಗಳು ಹೆಚ್ಚಿವೆ. ಗುರುಗಳ ನಿವಾಸದ ಜಗಲಿಯಲ್ಲಿ ಈಗ ಒಂದು ದೂರದರ್ಶಕವಿರುವುದನ್ನು ಕಂಡ ತಂದೆತಾಯಿಯರು ಭಾನುವಾರದ ಬಲಿಪೂಜೆಯ ನಂತರ ನಿಂತು ಕೇಳುತ್ತಾರೆ: "ಫಾದರ್, ಮಗಳು ಟೆಲಿಸ್ಕೋಪ್ ಬೇಕೆಂದು ಹಟ ಹಿಡಿದಿದ್ದಾಳೆ. ಯಾವುದನ್ನು ಕೊಡಿಸೋಣ?" ಒಬ್ಬೊಬ್ಬರಿಗೂ ಮೆಟ್ಟಿಲ ಮೇಲೆ ನಿಂತು ಅರ್ಧಂಬರ್ಧ ಉತ್ತರ ಕೊಡುವುದಕ್ಕಿಂತ, ಪ್ರಿಯ ಓದುಗರೇ, ತಿಳಿದಷ್ಟನ್ನು ಇಲ್ಲಿ ಸಾವಧಾನವಾಗಿ ಬರೆಯುವುದು ಲೇಸೆನಿಸಿತು.

ಅಂಗಡಿಯ ಪೆಟ್ಟಿಗೆಯ ಮೇಲೆ ದೊಡ್ಡಕ್ಷರಗಳಲ್ಲಿ ಮುದ್ರಿಸಿರುವ ಸಂಖ್ಯೆಯನ್ನು ಮೊದಲು ಮರೆತುಬಿಡಿ. "675 ಪಟ್ಟು ದೊಡ್ಡದಾಗಿ ತೋರಿಸುತ್ತದೆ" ಎಂದು ಬರೆದಿರುತ್ತದೆ. ಈ ಸಂಖ್ಯೆ ಹುಟ್ಟುವ ಬಗೆಯನ್ನು ಅರಿತರೆ ನಿಮಗೇ ನಗು ಬಂದೀತು. ದೂರದರ್ಶಕದ ಸಂಗಮ ದೂರವನ್ನು ಕಣ್ಣಿಡುವ ಐಪೀಸಿನ ಸಂಗಮ ದೂರದಿಂದ ಭಾಗಿಸಿದರೆ ಎಷ್ಟು ಪಟ್ಟು ಎಂಬುದು ಸಿಗುತ್ತದೆ. 900 ಮಿಲಿಮೀಟರ್ ಸಂಗಮ ದೂರಕ್ಕೆ 4 ಮಿಲಿಮೀಟರಿನ ಐಪೀಸು ಹಾಕಿದರೆ 225. ಅದರ ನಡುವೆ ಮೂರು ಪಟ್ಟು ಹಿಗ್ಗಿಸುವ ಇನ್ನೊಂದು ಮಸೂರವನ್ನು ತೂರಿಸಿದರೆ 675. ಲೆಕ್ಕ ಸರಿಯೇ, ಕಾಣುವುದು ಮಾತ್ರ ಮಸುಕಾದೊಂದು ಮುದ್ದೆ. ಒಂದು ದೂರದರ್ಶಕವು ನಿಜಕ್ಕೂ ತಾಳಿಕೊಳ್ಳುವ ವರ್ಧನೆಯೆಂದರೆ ಅದರ ಬಾಯಿಯ ಅಗಲದ, ಮಿಲಿಮೀಟರಿನಲ್ಲಿ ಎಣಿಸಿ, ಸುಮಾರು ಎರಡು ಪಟ್ಟು. 114 ಮಿಲಿಮೀಟರಿನ ದೂರದರ್ಶಕಕ್ಕೆ ಹೆಚ್ಚೆಂದರೆ 228. ಅದೂ ಗಾಳಿ ನಿಶ್ಚಲವಾಗಿರುವ ರಾತ್ರಿಯಲ್ಲಿ. ನಾನು ಬಹುಪಾಲು ನೋಡುವುದು 26 ಪಟ್ಟಿನಲ್ಲಿ, ಗ್ರಹಗಳನ್ನಾದರೆ 65ರಲ್ಲಿ ಅಥವಾ 130ರಲ್ಲಿ.

ಹಾಗಾದರೆ ಕೇಳಬೇಕಾದುದೇನು? ಬಾಯಿಯ ಅಗಲವೆಷ್ಟು ಎಂದು. ಕತ್ತಲಿಗೆ ಹೊಂದಿಕೊಂಡ ಎಳೆಯ ಕಣ್ಣಿನ ಪಾಪೆ ಸುಮಾರು 7 ಮಿಲಿಮೀಟರ್ ಅರಳುತ್ತದೆ. 130 ಮಿಲಿಮೀಟರ್ ಅಗಲದ ಕನ್ನಡಿಯ ವಿಸ್ತೀರ್ಣ ಅದರ 340 ಪಟ್ಟಿಗೂ ಹೆಚ್ಚು. ಅಷ್ಟು ಬೆಳಕನ್ನು ಬೊಗಸೆಯಲ್ಲಿ ಹಿಡಿದು ಕಣ್ಣಿಗೆ ಸುರಿಯುವುದೇ ದೂರದರ್ಶಕದ ಮೊದಲ ಕೆಲಸ. ದೊಡ್ಡದಾಗಿ ತೋರಿಸುವುದು ಎರಡನೆಯದು.

ಬೆಳಕನ್ನು ಹಿಡಿಯಲು ಎರಡು ದಾರಿಗಳಿವೆ. ಗೆಲಿಲಿಯೊ 1610ರ ಜನವರಿಯಲ್ಲಿ ಗುರುಗ್ರಹದ ನಾಲ್ಕು ಚಂದ್ರರನ್ನು ಕಂಡದ್ದು ಮಸೂರದ ಮೂಲಕ. ಮಸೂರದಲ್ಲಿ ಬೆಳಕು ಗಾಜನ್ನು ಹಾದು ಬರಬೇಕು. ಆಗ ಬಣ್ಣಗಳು ಚೆದುರಿ, ಹೊಳೆಯುವ ವಸ್ತುವಿನ ಅಂಚಿನಲ್ಲಿ ನೇರಳೆಯ ಛಾಯೆ ಮೂಡುತ್ತದೆ. ಕನ್ನಡಿಯಲ್ಲಿ ಆ ತೊಂದರೆಯಿಲ್ಲ. ಬೆಳಕು ಗಾಜಿನೊಳಗೆ ಹೋಗುವುದೇ ಇಲ್ಲ, ಮೇಲ್ಮೈಯನ್ನು ಮುಟ್ಟಿ ಮರಳುತ್ತದೆ. ಒಂದೇ ಮುಖವನ್ನು ಉಜ್ಜಿ ಹದಗೊಳಿಸಿದರೆ ಸಾಕಾದುದರಿಂದ ಅದೇ ಹಣಕ್ಕೆ ಹೆಚ್ಚು ಅಗಲದ ಕನ್ನಡಿ ಸಿಗುತ್ತದೆ. ಸಾಧಾರಣ ಕುಟುಂಬವೊಂದು ತಾರೆಗಳನ್ನು ನೋಡಬಯಸಿದರೆ ಪ್ರತಿಫಲನ ದೂರದರ್ಶಕವನ್ನೇ ಕೊಳ್ಳಲಿ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಕನ್ನಡಿಯಿಂದ ಆಕಾಶವನ್ನು ನೋಡಲು ಮೊದಮೊದಲು ಯತ್ನಿಸಿದವರಲ್ಲಿ ನಮ್ಮ ಧರ್ಮಸಭೆಯ ಗುರುವೊಬ್ಬರಿದ್ದಾರೆಂಬುದು ನಿಮಗೆ ಸಂತೋಷ ತಂದೀತು. ಇಟಲಿಯ ಯೇಸುಸಭೆಯ ನಿಕೊಲೊ ಝುಕ್ಕಿ 1616ರಲ್ಲಿ ಕಂಚಿನ ನಿಮ್ನ ದರ್ಪಣವೊಂದನ್ನು ತೆಗೆದುಕೊಂಡು, ಅದರಲ್ಲಿ ಮೂಡಿದ ಬಿಂಬವನ್ನು ಮಸೂರದಿಂದ ನೋಡಿದರು. 1652ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರೇ ಇದನ್ನು ದಾಖಲಿಸಿದ್ದಾರೆ. ಬಿಂಬ ತೃಪ್ತಿಕರವಾಗಿರಲಿಲ್ಲ. ಕನ್ನಡಿಯನ್ನು ನೇರವಾಗಿಟ್ಟರೆ ನೋಡುವವನ ತಲೆಯೇ ಬೆಳಕಿಗೆ ಅಡ್ಡ. ಓರೆಯಾಗಿಟ್ಟರೆ ಬಿಂಬ ವಿಕಾರ. ಈ ಸಿಕ್ಕನ್ನು 1668ರಲ್ಲಿ ಬಿಡಿಸಿದವರು ಐಸಾಕ್ ನ್ಯೂಟನ್. ಕೊಳವೆಯೊಳಗೆ ಪುಟ್ಟದೊಂದು ಚಪ್ಪಟೆ ಕನ್ನಡಿಯನ್ನು 45 ಡಿಗ್ರಿ ಓರೆಯಲ್ಲಿ ನಿಲ್ಲಿಸಿ ಬೆಳಕನ್ನು ಪಕ್ಕಕ್ಕೆ ತಿರುಗಿಸಿದರು. ಸುಮಾರು ಆರು ಇಂಚು ಉದ್ದದ ಆ ಉಪಕರಣದ ವಿನ್ಯಾಸವನ್ನೇ ಇಂದಿಗೂ ಅಂಗಡಿಯಲ್ಲಿ ಮಾರುತ್ತಾರೆ.

ಆ ಕನ್ನಡಿ ಗಾಜಿನದಾಗಿರಲಿಲ್ಲ; ತಾಮ್ರ ಮತ್ತು ತವರದ ಮಿಶ್ರಲೋಹದ್ದು. ಸಂತ ಪೌಲರು ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರದ 13ನೆಯ ಅಧ್ಯಾಯದಲ್ಲಿ ನೆನೆಯುವ ಕನ್ನಡಿಯೂ ಲೋಹದ್ದೇ. ದೇವಾಲಯದಲ್ಲಿ ಆ ವಾಚನವನ್ನು ಕೇಳುವಾಗ ನಾವು ಗೋಡೆಯ ಮೇಲಿನ ಗಾಜಿನ ಕನ್ನಡಿಯನ್ನು ಕಲ್ಪಿಸಿಕೊಂಡರೆ ಅಪೊಸ್ತಲರ ಮಾತಿನ ಅರ್ಥ ಅರ್ಧ ತಪ್ಪಿಹೋಗುತ್ತದೆ. ಲೋಹದ ಕನ್ನಡಿ ಕಿಲುಬು ಹಿಡಿಯುತ್ತದೆ. ಮತ್ತೆ ಮತ್ತೆ ಉಜ್ಜಬೇಕು. ನ್ಯೂಟನ್ನರ ನಂತರದವರೂ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಉಜ್ಜುತ್ತಲೇ ಇದ್ದರು. ಗಾಜಿನ ಮೇಲೆ ಬೆಳ್ಳಿಯನ್ನು ಲೇಪಿಸುವ ಕಲೆ ಬಂದದ್ದು 1850ರ ದಶಕದಲ್ಲಿ. ಈಗಿನದು ಅಲ್ಯೂಮಿನಿಯಮ್ ಲೇಪ.

ಹಾಗೆ ಉಜ್ಜಿದವರಲ್ಲಿ ವಿಲಿಯಮ್ ಹರ್ಷೆಲ್‌ರನ್ನು ನಮ್ಮ ಗಾಯನ ವೃಂದದವರು ತಿಳಿದಿರಬೇಕು. ಅವರು ಇಂಗ್ಲೆಂಡಿನ ಬಾತ್ ನಗರದ ಪ್ರಾರ್ಥನಾಲಯವೊಂದರಲ್ಲಿ ಆರ್ಗನ್ ನುಡಿಸುವ ಸಂಗೀತಗಾರರು. ಹಗಲು ಸಂಗೀತ ಪಾಠ, ಇರುಳು ಆಕಾಶ. ಕನ್ನಡಿಗಳನ್ನು ತಾವೇ ಎರಕ ಹೊಯ್ದು ಉಜ್ಜುತ್ತಿದ್ದರು. ಉಜ್ಜುವ ಕೈಯನ್ನು ನಡುವೆ ತೆಗೆಯುವಂತಿಲ್ಲವಾದ್ದರಿಂದ ತಂಗಿ ಕೆರೊಲಿನ್ ಪಕ್ಕದಲ್ಲಿ ಕುಳಿತು ಪುಸ್ತಕ ಓದಿ ಹೇಳುತ್ತ, ಬಾಯಿಗೆ ತುತ್ತಿಡುತ್ತಿದ್ದರಂತೆ. ಒಮ್ಮೆ ಹದಿನಾರು ಗಂಟೆ ಹೀಗೆ ನಡೆಯಿತು. 1781ರ ಮಾರ್ಚ್ 13ರಂದು ಹರ್ಷೆಲ್ ಯುರೇನಸ್ ಗ್ರಹವನ್ನು ಕಂಡರು. ಅಂದು ಬಳಸಿದ ಕನ್ನಡಿಯ ಅಗಲ 6.2 ಇಂಚು, ಎಂದರೆ ಸುಮಾರು 157 ಮಿಲಿಮೀಟರ್. ಮನೆಗೆಂದು ಕೊಳ್ಳುವ ಮಧ್ಯಮ ಗಾತ್ರದ ದೂರದರ್ಶಕದ ಅಳತೆ ಇಂದಿಗೂ ಇಷ್ಟೇ. ತುತ್ತಿಟ್ಟ ಕೆರೊಲಿನ್ ಮುಂದೆ ತಾವಾಗಿಯೇ ಎಂಟು ಧೂಮಕೇತುಗಳನ್ನು ಕಂಡುಹಿಡಿದರು. ಮಗಳಿಗೆ ದೂರದರ್ಶಕವೇಕೆ ಎನ್ನುವ ಅಜ್ಜಿಯರಿದ್ದರೆ ಈ ಸಂಗತಿಯನ್ನು ಅವರಿಗೆ ಹೇಳಿ.

ಕನ್ನಡಿಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಅದರ ತಗ್ಗು ಗೋಲದ ಒಂದು ಹೋಳಿನಂತಿದೆಯೇ, ಪರವಲಯದ ಆಕಾರದಲ್ಲಿದೆಯೇ ಎಂದು ಕೇಳಿ. ಅಗಲಕ್ಕೆ ಹೋಲಿಸಿದರೆ ಸಂಗಮ ದೂರ ಎಂಟು ಪಟ್ಟಿರುವ ಸಣ್ಣ ದೂರದರ್ಶಕದಲ್ಲಿ ಗೋಳೀಯ ಕನ್ನಡಿ ನಡೆದೀತು. ಐದು ಪಟ್ಟು ಮಾತ್ರವಿರುವ ಗಿಡ್ಡ ಕೊಳವೆಯಲ್ಲಾದರೆ ಪರವಲಯವೇ ಬೇಕು. ಇಲ್ಲದಿದ್ದರೆ ನಕ್ಷತ್ರಗಳು ಚುಕ್ಕೆಗಳಾಗಿ ನಿಲ್ಲದೆ ಹರಡಿಕೊಳ್ಳುತ್ತವೆ. ಕೊಳವೆ ಅರ್ಧ ಮೀಟರ್ ಮಾತ್ರವಿದ್ದು ಮೇಲಿನ ಚೀಟಿಯಲ್ಲಿ ಸಂಗಮ ದೂರ 1000 ಮಿಲಿಮೀಟರ್ ಎಂದಿದ್ದರೆ, ಒಳಗೆಲ್ಲೋ ಒಂದು ಅಗ್ಗದ ಮಸೂರವನ್ನು ಅಡಗಿಸಿದ್ದಾರೆಂದೇ ತಿಳಿಯಿರಿ. ಅದನ್ನು ಅಲ್ಲಿಯೇ ಬಿಟ್ಟು ಬನ್ನಿ.

ಇನ್ನು ನಿಲುಗಡೆಯ ಪ್ರಶ್ನೆ. ಅಂಗಡಿಯವರು ಇದನ್ನು ಕೊನೆಯಲ್ಲಿ ಹೇಳುತ್ತಾರೆ. ನನ್ನ ಮಟ್ಟಿಗೆ ಕನ್ನಡಿಯಷ್ಟೇ ಮುಖ್ಯವಾದುದು ಇದು. ಉತ್ತಮವಾದ ಕನ್ನಡಿಯನ್ನು ನಡುಗುವ ಕಾಲುಗಳ ಮೇಲಿಟ್ಟರೆ ಶನಿಗ್ರಹ ಕುಣಿಯುತ್ತದೆ, ನೋಡುವವರಿಗೆ ತಲೆ ಸುತ್ತುತ್ತದೆ. ಭೂಮಿಯ ತಿರುಗುವಿಕೆಯನ್ನು ಹಿಂಬಾಲಿಸುವ, ತೂಕದ ಗುಂಡು ತೂಗುಬಿಟ್ಟ ನಿಲುಗಡೆಯೊಂದುಂಟು. ನೋಡಲು ಬಲು ಗಂಭೀರ. ಅದರ ಒಂದು ಅಕ್ಷವನ್ನು ಧ್ರುವ ನಕ್ಷತ್ರದ ಕಡೆಗೆ ಓರೆ ಮಾಡಬೇಕು. ಆದರೆ ಧ್ರುವ ನಕ್ಷತ್ರ ಯಾವ ಊರಿನಲ್ಲೂ ಆ ಊರಿನ ಅಕ್ಷಾಂಶದಷ್ಟೇ ಎತ್ತರದಲ್ಲಿರುತ್ತದೆ. ನಮ್ಮ ಶಿವಮೊಗ್ಗದ ಸೀಮೆಯಲ್ಲಿ ಸುಮಾರು 14 ಡಿಗ್ರಿ, ಎಂದರೆ ಅಡಕೆ ಮರಗಳ ಹಿಂದೆ. ಯೂರೋಪು ಅಮೆರಿಕಗಳ ಅಕ್ಷಾಂಶವನ್ನು ಮನಸ್ಸಿನಲ್ಲಿಟ್ಟು ಮಾಡಿದ ಅಗ್ಗದ ನಿಲುಗಡೆಗಳನ್ನು ಇಷ್ಟು ಕೆಳಗೆ ಬಾಗಿಸಿದಾಗ ತೂಕದ ಕಂಬಿ ಕಾಲಿಗೆ ತಾಗುವುದುಂಟು. ನಮಗೇಕೆ ಆ ಪೀಡೆ?

ಇದಕ್ಕೆ ಸರಳ ಪರಿಹಾರವನ್ನು ತೋರಿಸಿಕೊಟ್ಟವರು ಒಬ್ಬ ಸಂನ್ಯಾಸಿ. ಬೀಜಿಂಗಿನಲ್ಲಿ 1915ರಲ್ಲಿ ಹುಟ್ಟಿದ ಜಾನ್ ಡಾಬ್ಸನ್ 1944ರಲ್ಲಿ ಸಾನ್ ಫ್ರಾನ್ಸಿಸ್ಕೋದ ವೇದಾಂತ ಸಂಘದ ಮಠವನ್ನು ಸೇರಿದರು. ಅದು ನಮ್ಮ ರಾಮಕೃಷ್ಣ ಪರಂಪರೆಯ ಮಠ. ಕೈಯಲ್ಲಿ ಹಣವಿಲ್ಲ. ಹಳೆಯ ಹಡಗುಗಳ ಕಿಟಕಿಯ ದಪ್ಪ ಗಾಜನ್ನು ಉಜ್ಜಿ ಕನ್ನಡಿ ಮಾಡಿದರು, ರಟ್ಟಿನ ಕೊಳವೆಯಲ್ಲಿ ಕೂರಿಸಿದರು, ಮರದ ಹಲಗೆಗಳ ಪೆಟ್ಟಿಗೆಯ ಮೇಲೆ ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ ತಿರುಗುವಂತೆ ನಿಲ್ಲಿಸಿದರು. ಅದನ್ನು ಮಠದ ಗೋಡೆಯಾಚೆಗೆ ಒಯ್ದು ಬೀದಿಯ ಮಕ್ಕಳಿಗೆ ಚಂದ್ರನನ್ನು ತೋರಿಸುತ್ತಿದ್ದರು. ಮಠದ ಕರ್ತವ್ಯಕ್ಕೂ ಈ ಗೀಳಿಗೂ ಹೊಂದಿಕೆಯಾಗದೆ 1967ರಲ್ಲಿ ಅವರು ಮಠವನ್ನು ಬಿಡಬೇಕಾಯಿತು. (ಅವರ ಮಠಾಧಿಪತಿಯನ್ನೂ ನಾನು ದೂಷಿಸಲಾರೆ, ಸಮುದಾಯ ಜೀವನದ ಗಂಟೆ ಹೊಡೆದಾಗ ಒಬ್ಬರು ಸದಾ ಹೊರಗಿದ್ದರೆ ಕಷ್ಟವೇ.) ಮರುವರ್ಷ ಅವರು ಗೆಳೆಯರೊಡನೆ ಕಾಲುದಾರಿಯ ಖಗೋಳವೀಕ್ಷಕರ ಕೂಟವನ್ನು ಕಟ್ಟಿ, ದಾರಿಹೋಕರನ್ನು ಕರೆದು ಕರೆದು ಆಕಾಶ ತೋರಿಸಿದರು. ತಮ್ಮ ನಿಲುಗಡೆಗೆ ಪೇಟೆಂಟ್ ಪಡೆಯಲಿಲ್ಲ. 2014ರಲ್ಲಿ, 98ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಇಂದು ಲೋಕದಾದ್ಯಂತ ಆ ಬಗೆಯ ದೂರದರ್ಶಕಕ್ಕೆ ಡಾಬ್ಸೋನಿಯನ್ ಎಂಬ ಹೆಸರು.

ದೂರದರ್ಶಕವನ್ನು ಆರಿಸುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆಯನ್ನು ನಾನು ಕಲಿತದ್ದು ಡಾಬ್ಸನ್ನರ ಈ ಕಥೆಯಿಂದ ಸ್ವಲ್ಪ, ನಮ್ಮ ಧರ್ಮಕೇಂದ್ರದ ಪಾಲನಾ ಪರಿಷತ್ತಿನ ಒಂದು ಸಭೆಯಿಂದ ಬಹಳಷ್ಟು.

ನಮ್ಮ ವಾರ್ಷಿಕ ಹಬ್ಬ ಬರುವುದು ಜನವರಿಯ ಕೊನೆಯಲ್ಲಿ. ಮುನ್ನಾದಿನದ ಸಂಜೆ ಸುಡುಮದ್ದು ಹಚ್ಚುವುದು ತಲೆಮಾರುಗಳ ರೂಢಿ. 2026ರ ಹಬ್ಬಕ್ಕೆ ಮುನ್ನ ಯುವಜನರು ಒಂದು ಬೇಡಿಕೆ ಇಟ್ಟರು: ಆಕಾಶಕ್ಕೆ ಹೊಗೆ ಬಿಡುವ ಹಣದಲ್ಲಿ ಆಕಾಶವನ್ನು ನೋಡುವ ಯಂತ್ರವನ್ನು ತರೋಣ. ಅವರ ಮನಸ್ಸಿನಲ್ಲಿದ್ದುದು 200 ಮಿಲಿಮೀಟರಿನ, ಕಂಪ್ಯೂಟರಿನ ಆಜ್ಞೆಗೆ ತಾನಾಗಿ ತಿರುಗುವ, ಲಕ್ಷ ರೂಪಾಯಿ ದಾಟುವ ಉಪಕರಣ. ಸುಡುಮದ್ದಿಗೆ ಮೀಸಲಾದ ನಲವತ್ತು ಸಾವಿರಕ್ಕೆ ಉಳಿದುದನ್ನು ಮನೆಮನೆಯಿಂದ ಎತ್ತುವುದೆಂದು ಅವರ ಯೋಜನೆ. ಹಿರಿಯರೊಬ್ಬರು, "ಮದ್ದಿನ ಸದ್ದಿಲ್ಲದ ಹಬ್ಬ ಹಬ್ಬವೇ? ಸುತ್ತಲ ಊರಿನ ಹಿಂದೂ ಮುಸಲ್ಮಾನ ಬಂಧುಗಳೂ ಅದನ್ನು ನೋಡಲೆಂದೇ ಬರುತ್ತಾರೆ" ಎಂದರು. ಆ ಮಾತಿನಲ್ಲಿ ಹುರುಳಿತ್ತು. ಆದರೆ ಸಭೆಯನ್ನು ಸುಮ್ಮನಾಗಿಸಿದ್ದು ಮೂಲೆಯಲ್ಲಿದ್ದ ತಾಯಿಯೊಬ್ಬರ ಮಾತು. ಅವರು ನಮ್ಮ ಸ್ವಸಹಾಯ ಸಂಘದ ಲೆಕ್ಕ ನೋಡಿಕೊಳ್ಳುವವರು.

"ಫಾದರ್, ಈ ದುಡ್ಡಿನಲ್ಲಿ ಅಡಕೆ ಸುಲಿಯೋಕೆ ಹೋಗೋ ಹೆಂಗಸರ ಕೂಲಿಯೂ ಸೇರಿದೆ. ನಮ್ಮಲ್ಲೇ ಎರಡು ಮಕ್ಕಳ ಹಾಸ್ಟೆಲ್ ಫೀಸು ಇನ್ನೂ ಕಟ್ಟಿಲ್ಲ. ಆಕಾಶ ಎಲ್ಲಿಗೂ ಓಡಿಹೋಗಲ್ಲ."

ಬೇಥಾನಿಯ ಊಟದ ಮನೆಯಲ್ಲಿ ಸುಗಂಧ ತೈಲದ ಬೆಲೆಯೆತ್ತಿದವನನ್ನು ಯೇಸುಸ್ವಾಮಿ ತಡೆದರೆಂಬುದನ್ನು ಮುಂದಿಟ್ಟುಕೊಂಡು ಇಂಥ ಪ್ರಶ್ನೆಗಳ ಬಾಯಿ ಮುಚ್ಚಿಸುವುದುಂಟು. ಅದು ಸರಿಯಲ್ಲ. ಅಲ್ಲಿ ಪ್ರಶ್ನೆ ಕೇಳಿದವನಿಗೆ ಬಡವರ ಚಿಂತೆಯಿರಲಿಲ್ಲವೆಂದು ಯೊವಾನ್ನರ ಸುವಾರ್ತೆಯೇ ಹೇಳುತ್ತದೆ. ಈ ತಾಯಿಗೆ ಇದ್ದುದು ಅದೊಂದೇ ಚಿಂತೆ. ಹಾಸ್ಟೆಲಿನ ಹಣವನ್ನು ಮೊದಲು ಕಟ್ಟುವುದೆಂದು ನಿರ್ಧಾರವಾಯಿತು. ಕಟ್ಟಿದ ಮೇಲೆ ಉಳಿದದ್ದು ಇಪ್ಪತ್ತನಾಲ್ಕು ಸಾವಿರ. ಮನೆಮನೆಯಿಂದ ಎತ್ತುವುದು ಬೇಡವೆಂದಾಯಿತು. ಹಿರಿಯರ ಸಮಾಧಾನಕ್ಕೆ ಯುವಜನರು ತಮ್ಮ ಖರ್ಚಿನಲ್ಲಿ ನಾಲ್ಕು ಬಾಣಗಳನ್ನು ಹಾರಿಸಲು ಒಪ್ಪಿದರು.

ಅನಂತರವೇ ನಿಜವಾದ ಆಯ್ಕೆ ಆರಂಭವಾದದ್ದು. ಇಷ್ಟು ಹಣದಲ್ಲಿ ಎಷ್ಟು ದೊಡ್ಡದು ಸಿಗುತ್ತದೆ ಎಂದು ಹುಡುಗರು ಕೇಳುತ್ತಿದ್ದರು. ಯಾರು ಯಾರು ನೋಡುವರು ಎಂದು ಕೇಳೋಣವೆಂದೆ. ಪಟ್ಟಿ ಮಾಡಿದೆವು. ಧರ್ಮೋಪದೇಶದ ತರಗತಿಯ ಎಂಟು ವರ್ಷದ ಮಕ್ಕಳು. ಮಂಡಿನೋವಿನಿಂದ ಬಗ್ಗಲಾರದ ಅಜ್ಜಿಯರು. ಐದು ಮೈಲಿಯಾಚೆ ತೋಟದ ಲೈನ್ ಮನೆಗಳಲ್ಲಿರುವವರು. ಅವರು ಇರುಳಿನಲ್ಲಿ ದೇವಾಲಯಕ್ಕೆ ಬರಲಾರರು, ದೂರದರ್ಶಕವೇ ಅವರ ಬಳಿಗೆ ಹೋಗಬೇಕು. ಈ ಪಟ್ಟಿಯನ್ನು ಮುಂದಿಟ್ಟುಕೊಂಡ ಮೇಲೆ ಆಯ್ಕೆ ತಾನಾಗಿ ಆಯಿತು. 200 ಮಿಲಿಮೀಟರಿನದು ಇಪ್ಪತ್ತು ಕಿಲೋ ದಾಟುತ್ತದೆ, ಸ್ಕೂಟರಿನಲ್ಲಿ ಹೋಗದು. ಕಂಪ್ಯೂಟರಿನದಕ್ಕೆ ವಿದ್ಯುತ್ತು ಬೇಕು. ಅದು ನಮ್ಮಲ್ಲಿ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬುದು ದೇವರಿಗೂ ವಿದ್ಯುತ್ ಇಲಾಖೆಗೂ ಮಾತ್ರ ಗೊತ್ತು. ಉದ್ದ ಕೊಳವೆಯದರಲ್ಲಿ ಐಪೀಸು ಮಕ್ಕಳಿಗೆ ಎಟುಕದು. ಕೊನೆಗೆ ಕೊಂಡದ್ದು 130 ಮಿಲಿಮೀಟರ್ ಅಗಲದ, 650 ಮಿಲಿಮೀಟರ್ ಸಂಗಮ ದೂರದ, ಪರವಲಯದ ಕನ್ನಡಿಯಿರುವ, ಮೇಜಿನ ಮೇಲಿಡುವ ಪುಟ್ಟ ಡಾಬ್ಸೋನಿಯನ್. ಗಟ್ಟಿಯಾದ ಗಿಡ್ಡ ಮೇಜಿನ ಮೇಲಿಟ್ಟರೆ ಅಜ್ಜಿ ಕುರ್ಚಿಯಲ್ಲಿ ಕುಳಿತೇ ನೋಡಬಹುದು, ಮಗು ನಿಂತೇ ನೋಡಬಹುದು. ಎತ್ತಿಕೊಂಡು ಹೊರಟರೆ ಅಕ್ಕಿಯ ಚೀಲಕ್ಕಿಂತ ಹಗುರ.

ನಿಮ್ಮ ಮನೆಗೆ ಇದೇ ಬೇಕೆಂದು ನಾನು ಹೇಳುತ್ತಿಲ್ಲ. ತಾರಸಿಯಿದ್ದು, ಅಲ್ಲಿಯೇ ಇಟ್ಟು ನೋಡುವಿರಾದರೆ, ಹಣವೂ ಇದ್ದರೆ, 150 ಅಥವಾ 200 ಮಿಲಿಮೀಟರಿನದನ್ನು ತನ್ನಿ. ಕಾಣುವ ವ್ಯತ್ಯಾಸ ನಿಜಕ್ಕೂ ದೊಡ್ಡದು. ಕೈಯಲ್ಲಿ ಹತ್ತು ಸಾವಿರಕ್ಕಿಂತ ಕಡಿಮೆಯಿದ್ದರೆ ದೂರದರ್ಶಕವನ್ನೇ ಕೊಳ್ಳಬೇಡಿ. 10×50ರ ಒಂದು ಬೈನಾಕ್ಯುಲರ್ ಮತ್ತು ಒಂದು ನಕ್ಷತ್ರಪಟ ಸಾಕು. ಕೃತ್ತಿಕೆಯೂ ಚಂದ್ರನ ಕುಳಿಗಳೂ ಅದರಲ್ಲಿ ಬಲು ಚೆಂದ. ಮಗುವಿನ ಆಸಕ್ತಿ ಎರಡು ಚಳಿಗಾಲ ಬಾಳಿದರೆ ಆಮೇಲೆ ನೋಡಿಕೊಳ್ಳಬಹುದು. ಇಂಗ್ಲಿಷ್ ಬಲ್ಲವರಿಗೆ 'ಟರ್ನ್ ಲೆಫ್ಟ್ ಅಟ್ ಓರಾಯನ್' ಎಂಬ ಪುಸ್ತಕ ಒಳ್ಳೆಯ ಸಂಗಾತಿ. ಸಣ್ಣ ದೂರದರ್ಶಕದಲ್ಲಿ ಏನು ಕಾಣುತ್ತದೆ, ಎಲ್ಲಿ ಕಾಣುತ್ತದೆ ಎಂಬುದನ್ನು ಬಿಡಿಸಿ ಹೇಳುವ ಈ ಪುಸ್ತಕವನ್ನು 1989ರಲ್ಲಿ ಗೆಳೆಯರೊಬ್ಬರೊಡನೆ ಬರೆದವರು ಯೇಸುಸಭೆಯ ಸಹೋದರ ಗೈ ಕಾನ್ಸೊಲ್ಮಾಗ್ನೊ. ಅವರು 2015ರಿಂದ 2025ರವರೆಗೆ ವ್ಯಾಟಿಕನ್ ವೀಕ್ಷಣಾಲಯದ ನಿರ್ದೇಶಕರಾಗಿದ್ದರು. ಅವರ ನಂತರ 2025ರ ಸೆಪ್ಟೆಂಬರಿನಲ್ಲಿ ಆ ಹೊಣೆ ಹೊತ್ತವರು ಯೇಸುಸಭೆಯ ಗೋವಾ ಪ್ರಾಂತ್ಯದ ಫಾದರ್ ರಿಚರ್ಡ್ ಡಿಸೋಜಾ. ಅಮೆರಿಕದ ಅರಿಜೋನಾದ ಬೆಟ್ಟವೊಂದರ ಮೇಲೆ ಆ ವೀಕ್ಷಣಾಲಯಕ್ಕಿರುವ ದೂರದರ್ಶಕವೂ ಕನ್ನಡಿಯದೇ, ಅಗಲ 1.8 ಮೀಟರ್.

ಕೊಂಡು ತಂದ ಮೊದಲ ರಾತ್ರಿ ಏನಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ನಿರಾಸೆಯಾಗುತ್ತದೆ. ಪುಸ್ತಕಗಳಲ್ಲಿ ಕೆಂಪು ನೀಲಿಯಾಗಿ ಅರಳಿರುವ ಮಹಾವ್ಯಾಧನ ನೀಹಾರಿಕೆ ಐಪೀಸಿನಲ್ಲಿ ಬೂದಿ ಬಣ್ಣದ ಮಂಜಿನಂತೆ ಕಾಣುತ್ತದೆ. ನಮ್ಮ ಕಣ್ಣು ಮಂದ ಬೆಳಕಿನಲ್ಲಿ ಬಣ್ಣವನ್ನು ಗುರುತಿಸದು. ನವೇನಾದ ಸಂಜೆಯೊಂದರಲ್ಲಿ ಸಾಲಿನ ಮುಂದಿದ್ದ ಹುಡುಗ ನೋಡಿ, "ಇಷ್ಟೇನಾ, ಫಾದರ್?" ಎಂದ. ಅವನನ್ನು ಹತ್ತಿರವೇ ಕೂರಿಸಿಕೊಂಡು, ಮೊಬೈಲನ್ನು ಜೇಬಿಗಿಡಿಸಿ, ಇಪ್ಪತ್ತು ನಿಮಿಷ ಕತ್ತಲಲ್ಲಿ ಕಾಯಿಸಿದೆ. ಮಂಜನ್ನು ನೇರವಾಗಿ ದಿಟ್ಟಿಸದೆ ಅದರ ಪಕ್ಕಕ್ಕೆ ನೋಡು ಎಂದೆ. ಕಣ್ಣಿನ ಅಂಚಿಗೆ ಮಂದ ಬೆಳಕನ್ನು ಹಿಡಿಯುವ ಶಕ್ತಿ ಹೆಚ್ಚು. ಎರಡನೆಯ ಸಲ ಅವನು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಆ ಮಂಜಿನಿಂದ ಬೆಳಕು ಇಲ್ಲಿಗೆ ಬರಲು ಸುಮಾರು 1,300 ವರ್ಷ ಬೇಕೆಂದು ಆಮೇಲೆ ಹೇಳಿದೆ. ನೋಡುವ ಮೊದಲೇ ಅಂಕಿಅಂಶಗಳನ್ನು ಹೇಳಬೇಡಿ. ಅವು ಕಣ್ಣಿಗೆ ಅಡ್ಡ ಬರುತ್ತವೆ.

ಗ್ರಹಗಳಲ್ಲಿ ಮಾತ್ರ ನಿರಾಸೆಯಿಲ್ಲ. ಪೂರ್ವದಲ್ಲಿ ಗುರುವೂ ಅದರ ನಾಲ್ಕು ಚಂದ್ರರೂ ಒಂದೇ ಗೆರೆಯಲ್ಲಿ, ಪಶ್ಚಿಮದಲ್ಲಿ ಶನಿ. 2025ರ ಮಾರ್ಚಿನಲ್ಲಿ ಶನಿಯ ಉಂಗುರ ನಮ್ಮತ್ತ ಅಂಚನ್ನು ತಿರುಗಿಸಿ ಮಾಯವಾದಂತಿತ್ತು. ಈ ಜನವರಿಯಲ್ಲೂ ತೆಳ್ಳಗಿನ ಗೆರೆಯಷ್ಟೇ. ಮುಂದಿನ ವರ್ಷಗಳಲ್ಲಿ ಅದು ಅಗಲವಾಗುತ್ತ ಹೋಗುತ್ತದೆ. ಆ ಗೆರೆಯನ್ನು ಕಂಡೇ ಮುದುಕರೊಬ್ಬರು ಕೊಳವೆಯ ಬಾಯಿಯನ್ನು ಬಗ್ಗಿ ನೋಡಿ, "ಒಳಗೆ ಚಿತ್ರ ಅಂಟಿಸಿದ್ದೀರಾ, ಸ್ವಾಮಿಗಳೇ?" ಎಂದು ಕೇಳಿದರು. ಏಪ್ರಿಲ್-ಮೇ ತಿಂಗಳಿನಲ್ಲಿ ದಕ್ಷಿಣದ ದಿಗಂತ ಸ್ವಚ್ಛವಾಗಿದ್ದರೆ ಆಲ್ಫಾ ಸೆಂಟಾರಿ ತಾರೆಯತ್ತ ತಿರುಗಿಸಿ. ಅದು ಒಂದಲ್ಲ, ಎರಡು. ಹಾಗೆಂದು ಮೊದಲು ಕಂಡವರು ಯೇಸುಸಭೆಯ ಫಾದರ್ ಜಾನ್ ರಿಷೊ. 1689ರ ಡಿಸೆಂಬರಿನಲ್ಲಿ, ಪುದುಚೇರಿಯಿಂದ. ಉತ್ತರದ ದೇಶಗಳವರಿಗೆ ಕಾಣಸಿಗದ ಆ ತಾರೆ ನಮಗೆ ಅಂಗಳದ ತಾರೆ.

ಕಡೆಯದಾಗಿ ಕೆಲವು ಕಟ್ಟುನಿಟ್ಟು ಮಾತುಗಳು. ದೂರದರ್ಶಕವನ್ನು ಸೂರ್ಯನ ಕಡೆ ಎಂದಿಗೂ ತಿರುಗಿಸಬೇಡಿ. ಕ್ಷಣಮಾತ್ರದಲ್ಲಿ ಕಣ್ಣು ಹೋಗುತ್ತದೆ. ಐಪೀಸಿಗೆ ತಿರುಪಿ ಹಾಕುವ ಕಪ್ಪು ಗಾಜನ್ನು 'ಸೂರ್ಯನನ್ನು ನೋಡಲು' ಎಂದು ಕೊಟ್ಟಿದ್ದರೆ ಅದನ್ನು ಒಡೆದು ಎಸೆಯಿರಿ. ಬಿಸಿಗೆ ಅದು ಸೀಳುತ್ತದೆ. ಹಗಲು ಮಕ್ಕಳ ಕೈಗೆ ಒಬ್ಬಂಟಿಯಾಗಿ ಕೊಡಬೇಡಿ. ಬಿಂಬ ತಲೆಕೆಳಗಾಗಿ ಕಂಡರೆ ಕೆಟ್ಟಿದೆಯೆಂದು ಅಂಗಡಿಗೆ ಹಿಂದಿರುಗಿಸಬೇಡಿ. ಕನ್ನಡಿಯ ದೂರದರ್ಶಕದ ಗುಣವೇ ಅದು. ಒಳಗಿನಿಂದ ತಂದ ಕೂಡಲೇ ನೋಡದೆ ಅರ್ಧ ಗಂಟೆ ಹೊರಗಿನ ತಂಪಿಗೆ ಬಿಡಿ. ಎರಡು ಕನ್ನಡಿಗಳು ಒಂದಕ್ಕೊಂದು ನೇರವಾಗಿವೆಯೇ ಎಂದು ಆಗಾಗ ಪರೀಕ್ಷಿಸಿ ತಿರುಪುಗಳಿಂದ ಸರಿಪಡಿಸಬೇಕು. ಗಿಟಾರಿನ ಶ್ರುತಿ ಕೂಡಿಸುವಷ್ಟೇ ಕೆಲಸ, ಹದಿನೈದು ವರ್ಷದವರು ಒಂದು ಸಂಜೆಯಲ್ಲಿ ಕಲಿಯುತ್ತಾರೆ. ಕನ್ನಡಿಯ ಮೇಲೆ ಧೂಳು ಕೂತರೆ ಒರೆಸುವ ಚಪಲ ಬೇಡ. ತುಸು ಧೂಳು ಏನನ್ನೂ ಕೆಡಿಸದು, ಬಟ್ಟೆಯ ಒಂದು ಉಜ್ಜು ಲೇಪವನ್ನೇ ಗೀಚುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಕನ್ನಡಿಗೂ ಹಿಡಿಯುತ್ತದೆ. ಮುಚ್ಚಳ ಹಾಕಿ, ತೇವ ಹೀರುವ ಸಿಲಿಕಾ ಜೆಲ್‌ನ ಪೊಟ್ಟಣಗಳೊಡನೆ ಗಾಳಿಯಾಡದ ಚೀಲದಲ್ಲಿಡಿ.

ದೂರದರ್ಶಕದ ಮೇಲೆ ದಾನಿಗಳ ಹೆಸರು ಬರೆಸೋಣವೇ ಎಂದು ಪರಿಷತ್ತಿನಲ್ಲಿ ಕೇಳಿದಾಗ ಆ ಲೆಕ್ಕದ ತಾಯಿ ಹೆಸರು ಬೇಡವೆಂದು, ಸಂಘದಲ್ಲಿ ಉಳಿದಿದ್ದ ಒಂದು ನೋಟುಪುಸ್ತಕವನ್ನು ತಂದುಕೊಟ್ಟರು. "ಇಷ್ಟು ದುಡ್ಡು ಹಾಕಿದ್ದೀವಿ. ಎಷ್ಟು ಜನ ನೋಡಿದರು ಅಂತ ಬರೆದಿಡಿ, ಫಾದರ್" ಎಂದರು. ಅಂದಿನಿಂದ ದೂರದರ್ಶಕ ಹೊರಗೆ ಹೋದಾಗಲೆಲ್ಲ ಪುಸ್ತಕವೂ ಹೋಗುತ್ತದೆ. ನವೇನಾದ ಮೊದಲ ಸಂಜೆಯ ಪುಟದಲ್ಲಿ 63 ಎಂದಿದೆ. ತೋಟದ ಲೈನ್ ಮನೆಗಳಿಗೆ ಹೋದ ರಾತ್ರಿಯ ಪುಟದಲ್ಲಿ 41, ಅದರ ಕೆಳಗೆ ಬೇರೆ ಕೈಬರಹದಲ್ಲಿ "ಎರಡು ಸಲ ನೋಡಿದವರನ್ನು ಒಂದೇ ಸಲ ಎಣಿಸಿದೆ".